ಓನರ್ ಹೆಸರಿನ ಕಾಗದಗಳು

ತುಮಕೂರಿನ ನಮ್ಮ ಎದುರುಮನೆಯಲ್ಲಿ ಬಾಡಿಗೆಗಿದ್ದ ಟೈಲರಮ್ಮ, ಊರು ಬಿಟ್ಟಿದ್ದ ಓನರ್ ಹೆಸರಿಗೆ ಬರುತ್ತಿದ್ದ ಲಕೋಟೆಗಳನ್ನು ಕ್ಯಾಲೆಂಡರಿನ ಹಿಂದೆ ಜೋಪಾನವಾಗಿ ಸಿಕ್ಕಿಸಿಡುತ್ತಿದ್ದರು. ಬ್ಯಾಂಕಿನದು, ಒಡೆದು ನೋಡಿ ಎಂದರೆ ಹಲ್ಲಲ್ಲಿ ದಾರ ಕಡಿದು, “ಬೇರೆಯವ್ರ ಕಾಗ್ದ ಒಡೀಬಾರ್ದು ಕಣಣ್ಣ” ಎನ್ನುತ್ತಿದ್ದರು. ನಾನೂ ಒತ್ತಾಯಿಸಲಿಲ್ಲ.

ಓನರ್ ಮನೆ ಮೇಲಿನ ಸಾಲ ಕಟ್ಟಲಿಲ್ಲವೆಂದು ಒಂದು ದಿನ ಬ್ಯಾಂಕಿನವರು ಬಂದು, ಹೊಲಿಗೆ ಮಿಷನ್ನನ್ನು ಬೀದಿಗಿಟ್ಟು ಬೀಗ ಜಡಿದರು. ಟೈಲರಮ್ಮ ತಮ್ಮ ಬಾಡಿಗೆ ಕರಾರು ಪತ್ರ ತೋರಿಸಿದರೆ, “ಆವಾಗ್ಲೇ ತೋರಿಸ್ಬೇಕಿತ್ತಮ್ಮ, ಲೆಟರ್ ಕಳ್ಸಿದ್ವಲ್ಲ” ಎಂದರು.

ಕ್ಯಾಲೆಂಡರಿನ ಹಿಂದಿನಿಂದ ತಂದು ಆಕೆ ಮಡಿಲಲ್ಲಿಟ್ಟುಕೊಂಡಿದ್ದ ಕಟ್ಟಿನಿಂದ ಒಂದು ಲಕೋಟೆ ತೆಗೆದು ಒಡೆದೆ. ಬಾಡಿಗೆದಾರರಿದ್ದರೆ ಹದಿನೈದು ದಿನದೊಳಗೆ ಕರಾರು ಪತ್ರ ತೋರಿಸಬೇಕು ಎಂದಿತ್ತು. ನಾನು ಓದಿ ಹೇಳುವ ಮೊದಲೇ ಆಕೆ ಅದನ್ನು ಕಿತ್ತುಕೊಂಡು, ಸೆರಗಿನಿಂದ ಒರೆಸಿ ಮಡಚಿಟ್ಟರು.

“ಒಡೆದ್ಬುಟ್ರಲ್ಲಣ್ಣ. ಓನರ್ ಬಂದು ಕೇಳಿದ್ರೆ ಏನ್ ಹೇಳ್ಲಿ?”