ಮರಳು ಮುಟ್ಟಿ ಹೇಳುವ ಅಶ್ವತ್ಥಮ್ಮ

ಬೂದಿಕೋಟೆಯ ಅಶ್ವತ್ಥಮ್ಮ ಹದಿನೆಂಟು ವರ್ಷ ಬಂಗಾರಪೇಟೆ ಸುತ್ತಮುತ್ತಲ ಕಟ್ಟಡಗಳಲ್ಲಿ ಮರಳು ಜರಡಿ ಹಿಡಿದವರು. ಹೊಳೆ ಮರಳು ಬರುವುದು ಕಡಿಮೆಯಾದಂತೆ ಆ ಕೆಲಸವೂ ಕಡಿಮೆಯಾಯಿತು. ಕಲ್ಲು ಪುಡಿ ಮಾಡಿ ತಯಾರಿಸುವ ಎಂ-ಸ್ಯಾಂಡ್ ಕ್ರಷರ್‌ನಲ್ಲೇ ಜರಡಿಯಾಗಿ ಬರುತ್ತದೆ. ಜೊತೆಯ ಹೆಂಗಸರು ಬೇರೆ ಕೂಲಿ ನೋಡಿಕೊಂಡರು. ಅಶ್ವತ್ಥಮ್ಮ ಕರಣೆ ಹಿಡಿದರು. ಗಂಡಸರು ಊಟಕ್ಕೆ ಕುಳಿತಾಗ ಮನೆಗಳ ಹಿಂದುಗಡೆ ಗೋಡೆಗೆ ಗಾರೆ ಬಳಿದು ಬಳಿದು ಕಲಿತರು. ಹಿಂದುಗಡೆ ಗೋಡೆಯನ್ನು ಯಾರೂ ಅಷ್ಟಾಗಿ ನೋಡುವುದಿಲ್ಲವಲ್ಲ.

ಹೋದ ವರ್ಷ ಕ್ಯಾಸಂಬಳ್ಳಿಯ ದೊಡ್ಡವೆಂಕಟಪ್ಪನವರು ತಮ್ಮ ಹೊಸ ಮನೆಯ ಗೋಡೆಗಳಿಗೆ ಗಾರೆ ಬಳಿಯುವ ಗಿಲಾವು ಕೆಲಸವನ್ನು ಅವರಿಗೇ ಒಪ್ಪಿಸಿದರು. ಮೇಸ್ತ್ರಿಯಾಗಿ ಅಶ್ವತ್ಥಮ್ಮನಿಗೆ ಅದೇ ಮೊದಲ ಕೆಲಸ. ಅದು ಚೆನ್ನಾಗಿ ಬಂದರೆ ನಾಲ್ಕು ಮನೆಯವರು ಕರೆಯುತ್ತಾರೆ, ಕೆಟ್ಟರೆ ಮತ್ತೆ ಯಾರೂ ಕರೆಯುವುದಿಲ್ಲ. ಚಿನ್ನದ ಗಣಿಯ ಕೋರಮಂಡಲ್ ಕಡೆಯ ಸೆಲ್ವರಾಜ್ ಎಂಬುವನು ಅಶ್ವತ್ಥಮ್ಮನ ಕೈಕೆಳಗೆ ಕೆಲಸಕ್ಕೆ ಬಂದಿದ್ದ.

ಮೊದಲ ದಿನ ಬೆಳಿಗ್ಗೆಯೇ ಒಂದು ಲೋಡು ಮರಳು ಬಂದು ಬಿತ್ತು.

"ಪಾಲಾರ್ ಒಳೆ ಮರಳು," ಎಂದರು ದೊಡ್ಡವೆಂಕಟಪ್ಪ. "ಯಾರ್ಗೂ ಸಿಕ್ದೇ ಇರೋದು ನಮ್ಗೆ ಸಿಕ್ತು ನೋಡು."

ಅಶ್ವತ್ಥಮ್ಮ ಒಂದು ಹಿಡಿ ತೆಗೆದುಕೊಂಡು, ನೀರು ಚಿಮುಕಿಸಿ, ಹಿಸುಕಿ ಬಿಟ್ಟರು. ಒಳ್ಳೆಯ ಮರಳಾದರೆ ಪುಡಿಪುಡಿಯಾಗಿ ಬೀಳಬೇಕು. ಇದು ಉಂಡೆಯಾಗಿಯೇ ಕುಳಿತಿತು. ಅಂಗೈ ಕೆಂಪಾಯಿತು.

"ಯಜಮಾನ್ರೇ, ಇದು ಒಳೆ ಮರಳಲ್ಲ. ಕೆರೆ ಮಣ್ಣು ತೊಳೆದಿರೋ ಫಿಲ್ಟರ್ ಮರಳು."

"ಯಾರೇಳಿದ್ದು?"

"ಕೈ ಏಳ್ತೈತೆ."

"ನಿನ್ ಕೈಯೇನು ಲ್ಯಾಬಾ?"

ಸೆಲ್ವರಾಜ್ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಅಕ್ಕಾ, ಮೊದಲ್ನೇ ಕೆಲ್ಸ. ಅವ್ರ ಮರಳು, ಅವ್ರ ಗೋಡೆ. ಸುಮ್ನೆ ಬಳಿಯೋಣ."

"ಉದುರಿದ್ಮೇಲೆ ಯಾರೆಸರು ಏಳ್ತಾರೆ, ನಿಂದಾ?"

ಅಶ್ವತ್ಥಮ್ಮ ನೀರಿನ ಬಾಟಲಿಯೊಂದಕ್ಕೆ ಕಾಲು ಭಾಗ ಆ ಮರಳು, ಮೇಲೆ ನೀರು, ಒಂದು ಚಿಟಿಕೆ ಉಪ್ಪು ಹಾಕಿ ಕುಲುಕಿ ಮೆಟ್ಟಿಲ ಮೇಲಿಟ್ಟರು. ಊಟದ ಹೊತ್ತಿಗೆ ನೀರು ತಿಳಿಯಾಯಿತು. ಮರಳಿನ ಮೇಲೆ ಎರಡು ಬೆರಳು ದಪ್ಪ ಕೆಂಪು ಕೆಸರು ನಿಂತಿತ್ತು.

ದೊಡ್ಡವೆಂಕಟಪ್ಪ ಒಪ್ಪಲಿಲ್ಲ. "ನಿನ್ ಕೈಲಾಗಲ್ಲ ಅಂದ್ರೆ ಏಳು, ಬಂಗಾರಪೇಟೆಯಿಂದ ಬೇರೆ ಮೇಸ್ತ್ರೀನ ಕರೀತೀನಿ."

"ಕರೀರಿ. ಅದಕ್ಕೆ ಮುಂಚೆ ಒಂದ್ಸಲ ನಮ್ಮನೆ ಗೋಡೆ ನೋಡ್ಕೊಂಡ್ಬನ್ನಿ. ಗಾಡಿ ಐತಲ್ಲ."

"ಓಗ್ಬನ್ನಿ," ಎಂದರು ಅವರ ಹೆಂಡತಿ ರಾಧಾಮಣಿ. "ಇನ್ನೊಂದು ಮನೆ ಕಟ್ಟೋಕಾಯ್ತದಾ ನಮ್ಮ ಕೈಲಿ?"

ಇಬ್ಬರೂ ಬೈಕಿನಲ್ಲಿ ಬೂದಿಕೋಟೆಗೆ ಹೋದರು. ಅಶ್ವತ್ಥಮ್ಮನ ಮನೆಯ ಪಡುವಣ ಗೋಡೆಯಲ್ಲಿ ಮೊರದಗಲ ಗಾರೆ ಬಿದ್ದು ಇಟ್ಟಿಗೆ ಕಾಣುತ್ತಿತ್ತು. ಅವರು ಅಂಚಿಗೆ ಬೆರಳಿಟ್ಟು ಎಳೆದರು. ಗಾರೆ ಹುರಿಹಿಟ್ಟಿನಂತೆ ಸುರಿಯಿತು.

"ಈ ಮರಳು ತೊಳೆದಿದ್ದು ಯಾರು ಗೊತ್ತಾ ಯಜಮಾನ್ರೇ? ನಾನೇ."

ಹೊಳೆ ಮರಳು ಸಿಗದಂತಾಗಿ, ಎಂ-ಸ್ಯಾಂಡ್ ಇನ್ನೂ ಬಳಕೆಗೆ ಬರದ ಕಾಲವದು. ಕೆರೆಯಂಗಳ ಅಗೆದು ಮಣ್ಣು ತೊಳೆಯುವ ಕೆಲಸಕ್ಕೆ ಅವರೂ ಕೂಲಿಗೆ ಹೋಗಿದ್ದರು. ಅಲ್ಲಿಂದಲೇ ತಮ್ಮ ಮನೆಗೂ ತಂದುಕೊಂಡರು. ಮೂರು ಮಳೆಗಾಲಕ್ಕೆ ಗೋಡೆ ಉದುರಿತು. ಕೆರೆಯಲ್ಲಿ ಬಿದ್ದ ಗುಂಡಿಗಳಿಂದ ಇವತ್ತಿಗೂ ಆ ಕಡೆಯಿಂದ ದನ ನೀರಿಗೆ ಇಳಿಯುವುದಿಲ್ಲ.

"ಮಿಕ್ಕಿದ್ದೆಲ್ಲಾ ಸರಿ ಮಾಡ್ಕೊಂಡೆ. ಇದೊಂದನ್ನ ಅಂಗೇ ಬಿಟ್ಟಿದೀನಿ, ಮರೀಬಾರ್ದು ಅಂತ."

ದೊಡ್ಡವೆಂಕಟಪ್ಪ ತಾವೂ ಬೆರಳಿಟ್ಟು ಎಳೆದು ನೋಡಿದರು. "ಇನ್ನೂ ಚೆನ್ನಾಗಿ ತೊಳೆದಿದ್ರೆ?"

"ಅಷ್ಟು ತೊಳೀಬೇಕಂದ್ರೆ ಕೆರೇಲಿರೋ ನೀರೆಲ್ಲಾ ಬೇಕಾಗ್ತಿತ್ತು."

ಆ ಲೋಡು ನೆಲದಡಿ ತುಂಬುವುದಕ್ಕೆ ಹೋಯಿತು. ನಾಲ್ಕನೇ ದಿನ ಗಿಲಾವಿಗೆಂದೇ ಸಣ್ಣಗೆ ಮಾಡಿದ ಎಂ-ಸ್ಯಾಂಡ್ ಬಂತು. ಅಶ್ವತ್ಥಮ್ಮ ಹಿಸುಕಿ ನೋಡಿದರು. ಉಂಡೆ ನಿಲ್ಲಲಿಲ್ಲ, ಕೈಗೆ ಕೆಸರು ಅಂಟಲಿಲ್ಲ. ಸಿಮೆಂಟಿನ ಮೂಟೆ ಬಿಚ್ಚಲು ಸೆಲ್ವರಾಜ್‌ಗೆ ಹೇಳಿದರು.

"ತಡಿಯಮ್ಮಾ," ಎಂದರು ದೊಡ್ಡವೆಂಕಟಪ್ಪ. ಅವರ ಮುಂದೆ ಮೆಟ್ಟಿಲ ಮೇಲೆ ಹೊಸ ಮರಳು, ನೀರು, ಉಪ್ಪು ಹಾಕಿ ಕುಲುಕಿದ ಮೂರು ಬಾಟಲಿಗಳಿದ್ದವು. ಗುಡ್ಡೆಯ ಮೇಲಿಂದ ಒಂದು, ನಡುವಿನಿಂದ ಒಂದು, ಬುಡದಿಂದ ಒಂದು. "ಮಧ್ಯಾಹ್ನದವರ್ಗೂ ಯಾರೂ ಮುಟ್ಬೇಡಿ."

"ನಾನು ನೋಡಿದೀನಲ್ಲ ಯಜಮಾನ್ರೇ, ಚೆನ್ನಾಗೈತೆ."

"ನಿನ್ ಕೈ ಲ್ಯಾಬಲ್ಲ."

ಸೆಲ್ವರಾಜ್ ಮೂಟೆಯ ಮೇಲೇ ಕುಳಿತು ನಕ್ಕ. ಗಂಟೆ ಇನ್ನೂ ಒಂಬತ್ತು. ಅಶ್ವತ್ಥಮ್ಮ ಹೊಂಗೆ ಮರದ ನೆರಳಿಗೆ ಹೋಗಿ ಊಟದ ಡಬ್ಬಿ ಬಿಚ್ಚಿದರು.

ಒಂದು ಗಂಟೆಗೆ ಮೂರು ಬಾಟಲಿಯಲ್ಲೂ ದಾರದೆಳೆಯಷ್ಟು ದೂಳು ಮಾತ್ರ ನಿಂತಿತ್ತು. ದೊಡ್ಡವೆಂಕಟಪ್ಪ ಮೂರನ್ನೂ ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿದರು. ಅಶ್ವತ್ಥಮ್ಮ ಗಾರೆ ಕಲಸಿಕೊಂಡು ಕರಣೆ ತೆಗೆದುಕೊಂಡರು. ಹಿಂದುಗಡೆಗೆ ಹೋಗಲಿಲ್ಲ. ರಸ್ತೆಗೆ ಕಾಣುವ ಮುಂಬಾಗಿಲ ಪಕ್ಕದ ಗೋಡೆಯಿಂದಲೇ ಶುರು ಮಾಡಿದರು.