ಸೇಂದಿ ಬಿಡದ ಕಂಡಕ್ಟರ್

ದೇವದುರ್ಗದ ಬಸ್ಸಿನ ನಮ್ಮ ಕಂಡಕ್ಟರ್ ಬಹಳ ದಪ್ಪ. ಸೀಟುಗಳ ನಡುವೆ ಅಡ್ಡಡ್ಡವಾಗಿಯೇ ನಡೆಯುತ್ತಿದ್ದರು. ಡ್ಯೂಟಿ ಮುಗಿದ ಮೇಲೆ ದಿನಾ ಸೇಂದಿ. ಹೊಸ ಟೀಚರಾಗಿದ್ದ ನಾನು, ಕಾನ್ವೆಂಟ್ ಗತ್ತಿನಲ್ಲಿ, "ಡ್ರಿಂಕಿಂಗ್ ಬಿಡ್ರಿ" ಎಂದರೆ, "ಈಚಲ ಗಿಡದ್ದರೀ ಟೀಚರಮ್ಮಾ, ಪಲ್ಯ ಇದ್ದಂಗ" ಎನ್ನುವರು.

ಡಾಕ್ಟರು ಒಮ್ಮೆ, "ತೂಕ ಇಳಿಸು, ಇಲ್ಲಂದ್ರ ಬಸ್ಸಿನಿಂದ ಇಳಿ" ಎಂದು ಹೆದರಿಸಿದರು. ಬಸ್ಸೆಂದರೆ ಅವರಿಗೆ ಪ್ರಾಣ. ಅಂದೇ ರೊಟ್ಟಿ ಬಿಟ್ಟರು, ಅನ್ನ ಬಿಟ್ಟರು, ಬುತ್ತಿಯನ್ನು ಪ್ಯಾಸೆಂಜರುಗಳಿಗೆ ಹಂಚಿದರು. ಹಸಿವಾದಾಗ ಮಾತ್ರ, ಇದೇ ನನ್ನ ಡಯಟ್ ಎಂದು ಸೇಂದಿಯನ್ನು ಡಬಲ್ ಮಾಡಿದರು. ತೂಕ ಇನ್ನೂ ಏರಿತು. ಮೇಲಧಿಕಾರಿಗಳು ಅವರನ್ನು ಬಸ್ಸಿನಿಂದ ಇಳಿಸಿ ಡಿಪೋದ ಕುರ್ಚಿ ಕೆಲಸಕ್ಕೆ ಹಾಕಿದರು. ಆ ದುಃಖದಲ್ಲಿ ಸೇಂದಿಯನ್ನೇ ಬಿಟ್ಟರಂತೆ.

ಮುಂದೆ ಮಾನ್ವಿ ಸಂತೆಯಲ್ಲಿ ಸಿಕ್ಕರು. ಗುರುತೇ ಸಿಗದಷ್ಟು ಸ್ಲಿಮ್. ಬದನೆಕಾಯಿ ಬುಟ್ಟಿಗಳ ನಡುವೆ ನೆಟ್ಟಗೆ ನಡೆದು ತೋರಿಸಿದರು.

"ಇಷ್ಟು ಸಣ್ಣಾದೆ ಟೀಚರಮ್ಮಾ, ಬಸ್ ಮಾತ್ರ ಹೊಳ್ಳಿ ಕೊಡವಲ್ರು."