ನೀರು ಬೇಡ ಎಂದ ದನಿ

ಗಾಳಿ ಸೋಕಿತು, ಮೈಮೇಲೆ ಬಂತು, ಸತ್ತವರು ಕಂಡರು ಎಂಬ ಮಾತುಗಳನ್ನು ನಾನು ಯಾವತ್ತೂ ನಂಬಿದವಳಲ್ಲ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವುದು ನನ್ನ ಕೆಲಸ. ಆದರೆ ನಂಬದಿರುವುದಕ್ಕೆ ಅದಕ್ಕಿಂತ ಗಟ್ಟಿಯಾದ ಕಾರಣ ಇನ್ನೊಂದಿದೆ. ಮನಸ್ಸು ಹಿಡಿತ ಮೀರಿ ಏರುವ, ಆಮೇಲೆ ತಳ ಕಾಣದಷ್ಟು ಇಳಿಯುವ ಕಾಯಿಲೆ ಹರೆಯದಲ್ಲೇ ನನಗೆ ಅಂಟಿಕೊಂಡಿತು. ಆ ದಿನಗಳಲ್ಲಿ ಒಮ್ಮೆ ಫ್ಯಾನಿನ ಸದ್ದಿನೊಳಗಿಂದ ನನ್ನ ಹೆಸರು ಕೇಳಿದ್ದೂ ಉಂಟು. ಹಾಗಾಗಿ ಇಲ್ಲದ ದನಿ ಎಂದರೇನು ಎಂಬುದು ನನಗೆ ಚೆನ್ನಾಗಿ ಗೊತ್ತು. ನನ್ನ ಕಿವಿಯನ್ನು ನಾನೇ ಸುಲಭಕ್ಕೆ ನಂಬುವುದಿಲ್ಲ. ಈಗ ಹೇಳಹೊರಟಿರುವುದು ನನ್ನೊಬ್ಬಳ ಅನುಭವಕ್ಕೆ ಬಂದದ್ದಾಗಿದ್ದರೆ ಇದನ್ನು ಬರೆಯುತ್ತಲೇ ಇರಲಿಲ್ಲ.

ಹುಬ್ಬಳ್ಳಿಯ ಡಾಕ್ಟರು ಕೊಟ್ಟ ಲಿಥಿಯಂ ಗುಳಿಗೆ ನನ್ನನ್ನು ಸ್ಥಿಮಿತದಲ್ಲಿ ನಿಲ್ಲಿಸಿತ್ತು. ಆಗಾಗ ರಕ್ತ ಪರೀಕ್ಷೆ, ಹೊತ್ತುಹೊತ್ತಿಗೆ ಗುಳಿಗೆ, ಸಾಕಷ್ಟು ನೀರು. ಅದೊಂದು ಸಾಮಾನ್ಯ ಬದುಕಾಗಿತ್ತು. ಕಾರವಾರದ ಹೊರಗೆ ಶಿರವಾಡದಲ್ಲಿ ನಮ್ಮ ಮನೆ. ಗಂಡ ಲೈನ್‌ಮನ್. ದಿನವಿಡೀ ಕಂಬ ಹತ್ತುವ ಮನುಷ್ಯನಿಗೆ ಕಲ್ಪನೆಗೆ ಪುರುಸೊತ್ತು ಇರುವುದಿಲ್ಲ. ಪ್ರತಿ ಸಲ ಹುಬ್ಬಳ್ಳಿಗೆ ನನ್ನ ಜೊತೆ ಬಂದು, ಡಾಕ್ಟರು ಹೇಳಿದ್ದನ್ನು ನನಗಿಂತ ಗಮನವಿಟ್ಟು ಕೇಳುತ್ತಿದ್ದವರು ಅವರೇ.

ಕೆಲವು ವರ್ಷಗಳ ಹಿಂದಿನ ಬೇಸಿಗೆ ರಜೆ. ಸುಂಕಸಾಳದ ಹತ್ತಿರ, ಹೆದ್ದಾರಿಯಿಂದ ಸ್ವಲ್ಪ ಒಳಗಿರುವ ತವರಿಗೆ ಹೋಗಿದ್ದೆ. ಅಲ್ಲಿ ಅಣ್ಣ, ಅತ್ತಿಗೆ ಇಬ್ಬರೇ. ಇಷಾಡ ಮಾವಿನ ಕಾಯಿ ಇಳಿಸುವ ಕಾಲ. ಬುಟ್ಟಿ ಎತ್ತಲು ಹೋಗಿ ನನ್ನ ಸೊಂಟ ಹಿಡಿಯಿತು. ಎಂಥ ಹಿಡಿತವೆಂದರೆ ಮಗ್ಗುಲು ಬದಲಿಸಿದರೂ ಕಣ್ಣಲ್ಲಿ ನೀರು ಬರುತ್ತಿತ್ತು. ಅಣ್ಣ ತನ್ನ ಮೊಣಕಾಲು ನೋವಿಗೆಂದು ತಂದಿಟ್ಟಿದ್ದ ಗುಳಿಗೆಯ ಪಟ್ಟಿಯನ್ನೇ ಕೊಟ್ಟ.

“ಇದ್ನ ಎರಡು ಹೊತ್ತು ತಕಾ ತಂಗಿ. ನಾಳೆಗೆ ಎದ್ದು ಓಡಾಡ್ತೆ ನೋಡು,” ಎಂದ.

ಓಡಾಡಿದೆ ಕೂಡ. ನೋವು ಕಡಿಮೆಯಾಯಿತೆಂದು ಮುಂದುವರಿಸಿದೆ. ತಲೆಗೆ ತಲೆಯ ಗುಳಿಗೆ, ಸೊಂಟಕ್ಕೆ ಸೊಂಟದ ಗುಳಿಗೆ, ಒಂದಕ್ಕೊಂದು ಏನು ಸಂಬಂಧ ಎಂದೇ ನಾನೂ ಅಂದುಕೊಂಡಿದ್ದೆ. ನಾಲ್ಕಾರು ದಿನಗಳಲ್ಲಿ ಕೈ ನಡುಗತೊಡಗಿತು. ಚಹಾದ ಲೋಟ ತುಟಿಗೆ ಹೋಗುವಷ್ಟರಲ್ಲಿ ಅರ್ಧ ಚೆಲ್ಲುತ್ತಿತ್ತು. ಹೊಟ್ಟೆ ಕೆಟ್ಟಿತು. ಎಷ್ಟು ಕುಡಿದರೂ ಬಾಯಾರಿಕೆ ಹಿಂಗಲಿಲ್ಲ. ನಡೆದರೆ ದೋಣಿಯಲ್ಲಿ ನಿಂತ ಹಾಗೆ. ಮೈಯೆಲ್ಲ ಬೆವರು ಸುರಿಯುವ ಸೆಕೆಗಾಲವಾದ್ದರಿಂದ ಇಬ್ಬರೂ ಅದು ಉಷ್ಣವೆಂದರು. ಅತ್ತಿಗೆ ಪುನರ್ಪುಳಿ ಪಾನಕ ಮಾಡಿಕೊಟ್ಟರು.

ಆ ದಿನ ಅಂಕೋಲೆಯಲ್ಲಿ ಅತ್ತಿಗೆಯ ಕಡೆಯವರ ಹೊಸ ಮನೆಯ ಒಕ್ಕಲು. ಅಣ್ಣನಿಗೂ ಪೇಟೆಗೆ ಮಾವು ಸಾಗಿಸುವುದಿತ್ತು. ನನ್ನನ್ನು ನೋಡಿ ಅತ್ತಿಗೆ ಹೊಸಿಲಲ್ಲೇ ನಿಂತರು.

“ನೀ ಒಬ್ಳೇ ಇರ್ತೆಯೇನೆ? ನಾ ಉಳೀಲಾ?”

“ಹೋಗಿ ಬನ್ನಿ ಅತ್ತಿಗೆ. ನಂಗೆ ಒಂದು ನಿದ್ದೆ ಬಂದ್ರೆ ಸಾಕು,” ಎಂದೆ. ನಾಲಿಗೆ ದಪ್ಪವಾಗಿ ಹೊರಳುತ್ತಿತ್ತು.

“ಹಂಗಾರೆ ಎರಡೂ ಬದಿ ಚಿಲಕ ಹಾಕ್ಕೋ. ಮಂಗನ ಕಾಟ ಜೋರದೆ.”

ಗೋಡೆ ಹಿಡಿದುಕೊಂಡೇ ಹೋಗಿ ಎರಡೂ ಚಿಲಕ ಹಾಕಿದೆ. ಫೋನನ್ನು ಹೊರಕೋಣೆಯ ಕಿಟಕಿಯ ಮೇಲಿಟ್ಟೆ. ಆ ಮನೆಯಲ್ಲಿ ಆ ಕಿಟಕಿ ಬಿಟ್ಟರೆ ಬೇರೆಲ್ಲೂ ಸಿಗ್ನಲ್ ಸಿಗುವುದಿಲ್ಲ. ಒಳಕೋಣೆಗೆ ಬಂದು ಮಲಗಿದೆ.

ಅಲ್ಲಿಂದ ಮುಂದಿನದು ನನ್ನ ನೆನಪಿನಲ್ಲಿ ತುಂಡುತುಂಡಾಗಿದೆ. ಹೆದ್ದಾರಿಯ ಲಾರಿಗಳ ಸದ್ದು ದೂರವಾಗುತ್ತ ಹೋಗಿ ನಿಂತೇಬಿಟ್ಟಿತು. ಯಾರೋ ಹಾಸಿಗೆಯ ಅಂಚಿನಲ್ಲಿ ಕೂತರು. ನಾನು ಗೋಡೆಯ ಕಡೆ ಮುಖ ಮಾಡಿದ್ದೆ. ಹೊರಳಿ ನೋಡುವ ಶಕ್ತಿ ಇರಲಿಲ್ಲ. ಸರಿಯಾಗಿ ನೋವಿದ್ದ ಜಾಗದ ಮೇಲೆ ಒಂದು ಬೆಚ್ಚನೆಯ ಕೈ ಬಂದು ಕೂತಿತು. ಅತ್ತಿಗೆ ಹೋಗದೆ ಉಳಿದರೆಂದುಕೊಂಡೆ. ನೋವು ಇಳಿಯುತ್ತ ಬಂತು. “ನೀರು ಕೊಡಿ,” ಎಂದು ಕೇಳಿದ್ದು ನೆನಪಿದೆ. ಯಾರೂ ಏಳಲಿಲ್ಲ. ಕೈ ಸ್ವಲ್ಪ ಒತ್ತಿತು, ಅಷ್ಟೆ. ಆಮೇಲೆ ಆ ಕೈ ಎದ್ದುಹೋಯಿತು. ಹೊರಕೋಣೆಯಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು.

ಇನ್ನು ಮುಂದಿನದನ್ನು ಗಂಡ ಹೇಳಿದ ಹಾಗೇ ಬರೆಯುತ್ತೇನೆ.

ಅಂದು ಅವರಿಗೆ ಅಮದಳ್ಳಿಯಲ್ಲಿ ಕೆಲಸ. ಮಧ್ಯಾಹ್ನದ ಊಟ ಮುಗಿಸಿ, ಮರದ ನೆರಳಲ್ಲಿ ಕೂತು ನನಗೆ ಫೋನು ಮಾಡಿದರು. ಎತ್ತಿದ್ದು ಒಬ್ಬ ಹೆಂಗಸು. ಅವಸರವಿಲ್ಲದ, ವಯಸ್ಸಾದ ದನಿ.

“ಅದು ಮನಗಿದೆ. ಎಬ್ಬಿಸ್ಬೇಡ.”

ಅತ್ತಿಗೆಯೇ ಇರಬೇಕೆಂದುಕೊಂಡು ಅವರು, “ಸೊಂಟದ ನೋವು ಹೇಗಿದೆ?” ಎಂದು ಕೇಳಿದರು.

“ಇನ್ನು ನೋವಿಲ್ಲ. ಗುಳಿಗೆ ತಕಂಡದೆ.”

ಆಗಲೇ ಆ ದನಿಯ ಹಿಂದಿನಿಂದ, ಮನೆಯ ಒಳಗಿನಿಂದ, ನನ್ನ ದನಿ ಕೇಳಿತಂತೆ. ನಾನು ಮತ್ತೆ ನೀರು ಕೇಳುತ್ತಿದ್ದೆ. “ಅವಳು ನೀರು ಕೇಳ್ತಾ ಇದ್ದಾಳಲ್ಲ,” ಎಂದರು ಇವರು.

“ನೀರು ಬೇಡ. ನೀರು ಕುಡದ್ರೆ ಎಚ್ಚರಾಗ್ತದೆ. ನೀ ಫೋನ್ ಇಡು.”

ಅವರು ಇಟ್ಟರು. ಎದ್ದು ಊಟದ ಡಬ್ಬಿ ತೊಳೆಯಲು ನಲ್ಲಿಯ ಹತ್ತಿರ ಹೋದಾಗ ಆ ಮಾತು ತಲೆಯಲ್ಲಿ ಮತ್ತೆ ತಿರುಗಿತು. ಲಿಥಿಯಂ ತಿನ್ನುವವರಿಗೆ ನೀರು ತಪ್ಪಿಸಬಾರದೆಂದು ಹುಬ್ಬಳ್ಳಿಯ ಡಾಕ್ಟರು ಪ್ರತಿ ಸಲ ಹೇಳುತ್ತಿದ್ದರು. ಅದರ ಜೊತೆಗೆ ಇನ್ನೊಂದೂ ಹೊಳೆಯಿತು. ನಮ್ಮಲ್ಲಿ ಮನೆಯ ಅಳಿಯನನ್ನು ‘ನೀ’ ಎನ್ನುವವರಿಲ್ಲ. ಅತ್ತಿಗೆಯಂತೂ ಅವರೆದುರು ಕೂತು ಮಾತಾಡುವವರೂ ಅಲ್ಲ. ತಿರುಗಿ ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಕೂಡಲೇ ಅಣ್ಣನಿಗೆ ಮಾಡಿದರು.

“ನಿಮ್ಮನೇಲಿ ಯಾರಿದಾರೆ?”

“ತಂಗಿ ಒಬ್ಳೇ ಅದೆ ಭಾವಾ. ಇದು ನನ್ನ ಸಂಗ್ತಿಗೆ ಇಲ್ಲೇ ಅಂಕೋಲೇಲಿ ಅದೆ. ಎಂತಕ್ಕೆ?” ಎಂದ ಅಣ್ಣ, ಅತ್ತಿಗೆಯನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು.

ಮಾವು ತಂದಿದ್ದ ಟೆಂಪೊದಲ್ಲೇ ಅಣ್ಣ ಹಿಂದಕ್ಕೆ ಓಡಿಬಂದ. ಎರಡೂ ಬಾಗಿಲು ಒಳಗಿನಿಂದ ಚಿಲಕ ಹಾಕಿದ ಹಾಗೇ ಇದ್ದವು. ಕೂಗಿದರೆ ಉತ್ತರವಿಲ್ಲ. ಅಡುಗೆಮನೆಯ ಕಿಟಕಿಯ ಮರದ ಸರಳು ಮುರಿದು ಒಳಗಿಳಿದ. ನನ್ನ ಕಣ್ಣು ಅರ್ಧ ತೆರೆದಿತ್ತು, ಕೈಕಾಲು ತಾವಾಗಿಯೇ ಎಗರುತ್ತಿದ್ದವು, ಹಾಸಿಗೆ ಒದ್ದೆಯಾಗಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಫೋನು ಹೊರಕೋಣೆಯ ಕಿಟಕಿಯ ಮೇಲಿತ್ತು.

ನನಗೆ ಪೂರ್ತಿ ಎಚ್ಚರವಾದದ್ದು ಕಾರವಾರದ ಆಸ್ಪತ್ರೆಯಲ್ಲಿ, ಡಯಾಲಿಸಿಸ್ ಆದ ಮೇಲೆ. ಆದದ್ದನ್ನು ಅಲ್ಲಿನ ಡಾಕ್ಟರು ಬಿಡಿಸಿ ಹೇಳಿದರು.

“ಲಿಥಿಯಂ ಒಂದು ಥರದ ಉಪ್ಪು. ಅದನ್ನು ಹೊರಗೆ ಹಾಕುವುದು ಮೂತ್ರಪಿಂಡ. ನೀವು ತೆಗೆದುಕೊಂಡ ನೋವಿನ ಮಾತ್ರೆ ಆ ದಾರಿಯನ್ನೇ ಕಟ್ಟಿಹಾಕಿದೆ. ಬೆವರು, ಭೇದಿ ಬೇರೆ. ಉಪ್ಪು ರಕ್ತದಲ್ಲೇ ಏರುತ್ತ ಹೋಗಿದೆ. ಸಂಜೆಯವರೆಗೆ ಹಾಗೇ ಮಲಗಿದ್ದಿದ್ದರೆ ಏನಾಗುತ್ತಿತ್ತೋ ಹೇಳಲಾರೆ.”

ಗಂಡ ಫೋನಿನ ವಿಷಯ ಹೇಳಿದರು. ಡಾಕ್ಟರು ನಗಲಿಲ್ಲ. ಆ ಸ್ಥಿತಿಯಲ್ಲಿ ರೋಗಿ ಎದ್ದು ಓಡಾಡಿ, ಏನೇನೋ ಮಾತಾಡಿ, ಮರೆತುಬಿಡುವುದುಂಟು. ಫೋನು ಎತ್ತಿದವರು ನೀವೇ ಇರಬೇಕು ಎಂದು ನನಗೆ ಹೇಳಿದರು. ನಾನೂ ಅದನ್ನೇ ನಂಬಬೇಕೆಂದು ಬಹಳ ಪ್ರಯತ್ನಪಟ್ಟಿದ್ದೇನೆ. ಹೊರಕೋಣೆಯವರೆಗೆ ಆ ಕಾಲುಗಳಲ್ಲಿ ಹೇಗೋ ನಡೆದೆ ಎಂದೇ ಒಪ್ಪೋಣ. ಆದರೆ ಅವರು ಕೇಳಿದ್ದು ಎರಡು ದನಿ, ಒಂದು ಹತ್ತಿರದ್ದು, ಒಂದು ದೂರದ್ದು. ಗಂಡನ ಫೋನಿನ ಕರೆಗಳ ಪಟ್ಟಿಯಲ್ಲಿ ಆ ಕರೆ, ಮಾತು ನಡೆದ ಅವಧಿಯ ಸಮೇತ, ಇತ್ತು. ಅದನ್ನು ನಾನೇ ನೋಡಿದ್ದೇನೆ.

ಈಗ ಹಲ್ಲು ನೋವಾದರೂ ಮೊದಲು ಡಾಕ್ಟರಿಗೆ ಫೋನು ಮಾಡುತ್ತೇನೆ. ಔಷಧಿ ಅಂಗಡಿಯಲ್ಲಿ ಬಾಯಿ ತೆರೆದರೆ ಮೊದಲ ಮಾತೇ “ನಾನು ಲಿಥಿಯಂ ತಗೊಳ್ಳೋಳು” ಎಂಬುದು. ಪಕ್ಕದವರು ತಿರುಗಿ ನೋಡಿದರೆ ನೋಡಲಿ. ತವರಿನ ಆ ಕೋಣೆಯಲ್ಲಿ ಅತ್ತಿಗೆ ಯಾರನ್ನೂ ಮಲಗಿಸುವುದಿಲ್ಲ. ಹುಲ್ಲು ಹಾಸಿ ಮಾವು ಹಣ್ಣಿಗೆ ಹಾಕುತ್ತಾರೆ.

ಕಳೆದ ಮಳೆಗಾಲದ ಒಂದು ಸಂಜೆ, ಆ ದಿನದ ಮಾತು ಬಂದಾಗ, ಇಷ್ಟು ವರ್ಷ ಕೇಳದೇ ಇದ್ದದ್ದನ್ನು ಗಂಡನಿಗೆ ಕೇಳಿದೆ. “ಅತ್ತಿಗೆ ದನಿಗಿಂತ ಅಷ್ಟು ಬೇರೆ ಆಗಿದ್ರೆ, ಯಾರು ಅಂತ ನೀವು ಯಾಕೆ ಕೇಳ್ಲಿಲ್ಲ?”

“ಕೇಳ್ಬೇಕಂತ ಅನ್ನಿಸ್ಲೇ ಇಲ್ಲ. ಗುರ್ತದ ದನಿ. ದಿನಾ ಕೇಳೂ ದನಿ ಹಂಗೇ ಇತ್ತು. ಇಡು ಅಂದ್ಕೂಡ್ಲೆ ‘ಆಯ್ತು’ ಅಂದು ಇಟ್ಬಿಟ್ಟೆ.”

ಯಾರ ದನಿ ಇರಬಹುದು? ಎರಡೂ ಮನೆಗಳಲ್ಲಿ ಇದ್ದವರನ್ನು, ಹೋದವರನ್ನು ಒಬ್ಬೊಬ್ಬರನ್ನಾಗಿ ನೆನೆಸಿಕೊಂಡೆವು. ಯಾರದೂ ಅಲ್ಲ.

ಅವರಿಗೆ ನಾನಿನ್ನೂ ಹೇಳದ ಮಾತೊಂದಿದೆ. ಯಾರದೆಂದು ಹೇಳಲಾರೆ, ಆದರೆ ಆ ಕೈ ನನಗೂ ಗುರುತಿನದಾಗಿತ್ತು. ಫೋನು ನಿಂತ ಮೇಲೆ ಅದು ಮತ್ತೆ ಬಂದು ನನ್ನ ಬೆನ್ನ ಮೇಲೆ ಕೂತಿತು. ಆಮೇಲೆ ನಾನು ನೀರು ಕೇಳಲಿಲ್ಲ.